ಹಿಟ್ಲರ್‌ಗೆ ಬಹುಮತ ಸಿಕ್ಕಿರಲಿಲ್ಲ

ಹಿಟ್ಲರ್ ಅಧಿಕಾರಕ್ಕೆ ಬಂದ ಬಗೆಗಿನ ನಿಮ್ಮ ಲೇಖನ ಇಷ್ಟವಾಯಿತು. ಆದರೆ 'ಜರ್ಮನಿಯ ಜನರೇ ಬಹುಮತ ಕೊಟ್ಟು ಹಿಟ್ಲರ್‌ನನ್ನು ತಂದರು' ಎಂಬ ಮಾತು ಒಪ್ಪಲು ಆಗುವುದಿಲ್ಲ. 1932ರ ನವೆಂಬರ್ ಚುನಾವಣೆಯಲ್ಲಿ ಹಿಟ್ಲರ್‌ನ ನಾಜಿ ಪಕ್ಷಕ್ಕೆ ಬಿದ್ದದ್ದು ಸುಮಾರು ಶೇ. 33 ಮತ, ಅದೇ ವರ್ಷದ ಜುಲೈ ಚುನಾವಣೆಗಿಂತ ಕಡಿಮೆ. ಕರೆದು ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಕುರ್ಚಿ ಕೊಟ್ಟವರು ಅಧ್ಯಕ್ಷ ಹಿಂಡೆನ್‌ಬರ್ಗ್. ಹಿಟ್ಲರ್‌ನನ್ನು ನಾವು ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅಂತ ಮಾಜಿ ಚಾನ್ಸಲರ್ ಪಾಪೆನ್‌ನಂಥವರು ನಂಬಿದ್ದರು. ಎಂಥಾ ಲೆಕ್ಕಾಚಾರ ಅಲ್ವಾ!

ಮುಂದಿನದೆಲ್ಲ ಕಾನೂನಿನ ಹೆಸರಲ್ಲೇ ನಡೆಯಿತು. 1933ರ ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ತುರ್ತು ಆಜ್ಞೆ. ಪತ್ರಿಕೆ, ಸಭೆ, ಕಾಗದ, ಫೋನು ಯಾವುದಕ್ಕೂ ರಕ್ಷಣೆ ಇಲ್ಲ. ವಿಚಾರಣೆ ಇಲ್ಲದೆ ಯಾರನ್ನು ಬೇಕಾದರೂ ಹಿಡಿದು ಕೂಡಿಹಾಕಬಹುದು. ನಾಜಿಗಳು ಸೋಲುವವರೆಗೂ ಆ 'ತುರ್ತು' ಮುಗಿಯಲೇ ಇಲ್ಲ.

ಸಂಸತ್ ಭವನ ಸುಟ್ಟಿದ್ದರಿಂದ ಮಾರ್ಚ್ 23ರಂದು ಕ್ರೋಲ್ ಒಪೆರಾ ಭವನದಲ್ಲಿ ಸಂಸತ್ತಿನ ಮತದಾನ. ಸಂಸತ್ತಿನ ಅಧಿಕಾರವನ್ನೇ ಸರ್ಕಾರಕ್ಕೆ ಬಿಟ್ಟುಕೊಡುವ ಮಸೂದೆ. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಟ್ಟಿರಲಿಲ್ಲ. ಸಭಾಂಗಣದ ತುಂಬ ನಾಜಿಗಳ ಕಂದು ಅಂಗಿಯ ಪಡೆ. ಅಂಥ ಜಾಗದಲ್ಲಿ ಸೋಶಿಯಲ್ ಡೆಮಾಕ್ರಟ್ ನಾಯಕ ಓಟೊ ವೆಲ್ಸ್ ಎದ್ದು ನಿಂತರು. ನಮ್ಮ ಸ್ವಾತಂತ್ರ್ಯ, ಜೀವ ಕಿತ್ತುಕೊಳ್ಳಬಹುದು, ಮರ್ಯಾದೆಯನ್ನಲ್ಲ ಎಂದರು. ಪರವಾಗಿ 444, ವಿರುದ್ಧ 94. ವಿರೋಧಿಸಿದವರೆಲ್ಲ ಅವರ ಪಕ್ಷದವರೇ. ಆ 94 ಜನರ ಬಗ್ಗೆ ಲೇಖನದಲ್ಲಿ ಒಂದು ಸಾಲಾದರೂ ಇರಬೇಕಿತ್ತು, ದಯವಿಟ್ಟು ಸೇರಿಸಿ.