ಖಾಂಡವವನಕ್ಕೆ ಹನ್ನೆರಡು ನಿಮಿಷ

ಆಹ್ವಾನ ಪತ್ರಿಕೆ ದಪ್ಪ ಕಾಗದದ್ದು. ‘ಸಮಾಜ ಪರಿವರ್ತನೆಯಲ್ಲಿ ಕಲಾವಿದನ ಹೊಣೆಗಾರಿಕೆ’ ಎಂಬ ವಿಚಾರ ಸಂಕಿರಣ, ಶಿವಮೊಗ್ಗದಲ್ಲಿ, ಬೆಳಗ್ಗೆ ಹತ್ತೂವರೆಗೆ ಸರಿಯಾಗಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ‘ಘನ ಉಪಸ್ಥಿತಿ’ಯವರು ಎಂದು ಹದಿನಾಲ್ಕು ಹೆಸರುಗಳಿದ್ದವು. ಗುತ್ತಿಗೆದಾರರಿದ್ದರು, ಅಡಿಕೆ ಮಂಡಿಯವರಿದ್ದರು, ನಿವೃತ್ತ ಅಧಿಕಾರಿಗಳಿದ್ದರು. ಕಲಾವಿದನನ್ನು ಹುಡುಕುತ್ತ ಕೆಳಗಿಳಿದರೆ, ಮುದ್ರಣಾಲಯದ ಹೆಸರಿಗಿಂತ ಒಂದು ಸಾಲು ಮೇಲೆ ‘ಮತ್ತು ತಂಡದವರಿಂದ ಯಕ್ಷಗಾನ’ ಎಂದಿತ್ತು. ಯಾರು, ಯಾರ ತಂಡ ಎಂಬುದಕ್ಕೆ ಜಾಗ ಸಾಲದೆ ಸಾಲು ‘ಮತ್ತು’ವಿನಿಂದಲೇ ಶುರುವಾಗಿತ್ತು. ಆ ‘ಮತ್ತು’ ನಾನು.

ಪ್ರಸಂಗ ಯಾವುದೆಂದು ಸಂಘಟಕರು ಮೊದಲೇ ಫೋನಿನಲ್ಲಿ ವಿಚಾರಿಸಿದ್ದರು. “ಸಮಾಜವನ್ನು ಬಡಿದೆಬ್ಬಿಸುವಂಥದ್ದು ಬೇಕು. ಪರಿಸರ ಇದ್ದರೆ ಇನ್ನೂ ಒಳ್ಳೆಯದು.” ಖಾಂಡವ ದಹನ ಮಾಡೋಣ ಎಂದೆ. ಬಹಳ ಹಿಡಿಸಿತು. ಸಂಜೆ ಮತ್ತೆ ಫೋನ್ ಬಂತು, ಧ್ವನಿ ತಗ್ಗಿತ್ತು. “ಅಲ್ಲ ಮಾರಾಯರೇ, ಕಾಡು ಸುಡುವುದಕ್ಕೆ ನಿಲ್ಲುವವನು ಅರ್ಜುನನಂತಲ್ಲ? ಮುಂದಿನ ಸಾಲಿನಲ್ಲಿ ಅರಣ್ಯ ಇಲಾಖೆಯವರು ಕೂರುತ್ತಾರೆ.” ಪುರಾಣ ನಾನು ಬರೆದದ್ದಲ್ಲ ಎಂದೆ. “ಇರಲಿ, ಸುಡಿ. ಕಾಡಿನಲ್ಲಿದ್ದವರು ಎಲ್ಲಿಗೆ ಹೋದರು ಎಂಬ ವಿಷಯ ಮಾತ್ರ ಎತ್ತಬೇಡಿ. ಜನ ಲಿಂಗನಮಕ್ಕಿ ಎಂದುಕೊಳ್ಳುತ್ತಾರೆ.”

ಅವರ ಭಯದಲ್ಲಿ ಹುರುಳಿದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ಮುಳುಗಡೆಯವರ ಮೊಮ್ಮಕ್ಕಳು ಇವತ್ತೂ ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದು ನಿಲ್ಲುತ್ತಾರೆ. ಖಾಂಡವದ ಬೆಂಕಿಯಿಂದ ಬದುಕಿ ಬಂದದ್ದು ಆರೇ ಜೀವ: ತಕ್ಷಕನ ಮಗ ಅಶ್ವಸೇನ, ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು, ಮತ್ತು ಅಸುರರ ಶಿಲ್ಪಿ ಮಯ. ಈ ಆರರಲ್ಲಿ ಪುನರ್ವಸತಿ ಸಿಕ್ಕಿದ್ದು ಮಯನೊಬ್ಬನಿಗೆ, ಅದೂ ಸಭಾಭವನ ಕಟ್ಟುವ ಗುತ್ತಿಗೆಯ ರೂಪದಲ್ಲಿ. ಇದನ್ನು ಅರ್ಥದಲ್ಲಿ, ಅಂದರೆ ವೇಷಧಾರಿಯ ಮಾತಿನಲ್ಲಿ, ಎತ್ತಿ ಆಡಿದರೆ ಚಪ್ಪಾಳೆ ಬೀಳುವುದು ಖಂಡಿತ. ಅದಕ್ಕೇ ಬೇಡವೆಂದರು.

ಸಂಭಾವನೆ ಎಂಬ ಪದ ಕಿವಿಗೆ ಬಿದ್ದೊಡನೆ ಫೋನಿನಾಚೆ ಕಲಾಸೇವೆ ಜಾಗೃತವಾಯಿತು. ಕಲೆ ವ್ಯಾಪಾರವಲ್ಲ ಎಂದರು. ಅದೇ ಉಸಿರಿನಲ್ಲಿ, ಲೆಕ್ಕಪತ್ರಕ್ಕೆ ಬೇಕು, ಮೂರು ದರಪಟ್ಟಿ ಕಳಿಸಿ ಎಂದರು. ಊಟದ ಶಾಮಿಯಾನಕ್ಕೆ ಮೂರು, ಕುರ್ಚಿಗೆ ಮೂರು, ಅರ್ಜುನನಿಗೂ ಮೂರು. ನಾನೇ ಇನ್ನಿಬ್ಬರು ಅರ್ಜುನರನ್ನು ಹಿಡಿದು, ನನಗಿಂತ ಹೆಚ್ಚು ಬರೆದುಕೊಡಿ ಎಂದು ಕಾಡಿ ಬೇಡಿ, ಕೊನೆಗೆ ಅತಿ ಕಡಿಮೆ ದರದ ಅರ್ಜುನನಾಗಿ ಆಯ್ಕೆಯಾದೆ. ಶಾಮಿಯಾನದವನಿಗೆ ಅರ್ಧ ಹಣ ಮುಂಗಡ ಸಿಕ್ಕಿತು. ನಮಗೆ, ಕುಣಿದ ಫೋಟೋ ಲಗತ್ತಿಸಿದ ಮೇಲೆ.

ಹತ್ತೂವರೆಗೆ ಎಂದರೆ ಎಂಟಕ್ಕೇ ಬಣ್ಣ ಹಚ್ಚುವ ಚೌಕಿಯಲ್ಲಿ ಕೂರಬೇಕು. ಅಲ್ಲಿ ಚೌಕಿ ಎಂದರೆ ಮುರಿದ ಕುರ್ಚಿ ಪೇರಿಸಿಟ್ಟ ಕೋಣೆ. ಕನ್ನಡಿ ಇಲ್ಲದ್ದರಿಂದ ಮೊಬೈಲಿನಲ್ಲಿ ಮುಖ ನೋಡಿಕೊಂಡು ಹುಬ್ಬು ತಿದ್ದಿಕೊಂಡೆ. ತಲೆಗಟ್ಟು ಬಿಗಿದ ಮೊದಲ ಅರ್ಧ ಗಂಟೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಿವಿಯ ಮೇಲೆ ಒಂದು ದಾರ ಕೊರೆಯತೊಡಗುತ್ತದೆ. ಬಳಿಕ ಹಣೆಯ ನರ ತಾನೇ ಚೆಂಡೆ ಬಾರಿಸುತ್ತದೆ. ಬಿಚ್ಚುವಂತಿಲ್ಲ, ಏಕೆಂದರೆ ಸ್ವಯಂಸೇವಕ ಹುಡುಗ ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ತಲೆ ಹಾಕಿ “ಇನ್ನೊಂದೇ ಭಾಷಣ ಸಾರ್” ಎನ್ನುತ್ತಾನೆ. ನೀರು ಕುಡಿಯುವಂತೆಯೂ ಇಲ್ಲ; ಕುಡಿದರೆ ಆ ಉಡುಗೆಯಲ್ಲಿ ಮುಂದಿನ ಕಷ್ಟ ಅರ್ಜುನನಿಗೇ ಗೊತ್ತು. ಭಾಗವತರು ವೀಳ್ಯದೆಲೆಗೆ ಸುಣ್ಣ ಸವರುತ್ತ, “ವನವಾಸ ಹನ್ನೆರಡು ವರ್ಷ ಎಂದಾದರೂ ಮೊದಲೇ ಹೇಳಿದ್ದರಲ್ಲ” ಎಂದರು.

ಗೋಡೆಯಾಚೆಯ ಭಾಷಣಗಳು ಮಾತ್ರ ಅಕ್ಷರ ಬಿಡದೆ ಕೇಳಿಸುತ್ತಿದ್ದವು. ಕಲಾವಿದ ಸಮಾಜದ ಕಣ್ಣು ಎಂದರು ಒಬ್ಬರು. ಇನ್ನೊಬ್ಬರು ಕನ್ನಡಿ ಎಂದರು, ಮತ್ತೊಬ್ಬರು ದೀಪ, ಮಗದೊಬ್ಬರು ಸಾಕ್ಷಿಪ್ರಜ್ಞೆ. ಹೊಟ್ಟೆ ಎಂದು ಒಬ್ಬರೂ ಅನ್ನಲಿಲ್ಲ. ಕುಪ್ಪಳಿ ಐದು ಸಲ ಬಂತು, ವಿಶ್ವಮಾನವ ಏಳು ಸಲ; ಲೆಕ್ಕ ಇಟ್ಟವರು ಮದ್ದಳೆಯವರು, ಎಣಿಕೆ ತಪ್ಪುವ ಜನ ಅಲ್ಲ. ಅಧ್ಯಕ್ಷರು ಮೇಜು ಗುದ್ದಿದರು. 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ನಾಟಕ ಸಂಸ್ಥೆ ಹುಟ್ಟಿತು, 1991ರಲ್ಲಿ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಬಂತು, ಇಂದಿನ ಕಲಾವಿದರು ಏನು ಮಾಡುತ್ತಿದ್ದಾರೆ? ಕಾಯುತ್ತಿದ್ದೇವೆ ಸ್ವಾಮಿ, ಎಂದು ಗೋಡೆ ತಟ್ಟಬೇಕೆನಿಸಿತು. ಹೆಗ್ಗೋಡಿನ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿರುವುದು ಆಯಾ ಊರಿನವರು ಟಿಕೆಟ್ ಕೊಂಡು ಕೊನೆಯವರೆಗೆ ಕೂತು ನೋಡುವುದರಿಂದ. ಆ ಭಾಗವನ್ನು ಅಧ್ಯಕ್ಷರು ಸಮಯದ ಅಭಾವದಿಂದ ಬಿಟ್ಟರು.

ಹಾಗೆ ನೋಡಿದರೆ ಹೊಣೆ ನಮಗೆ ಹೊಸದಲ್ಲ. ಮತದಾನ ಕಡಿಮೆಯಾದರೆ ಯಕ್ಷಗಾನ, ಪ್ಲಾಸ್ಟಿಕ್ ಹೆಚ್ಚಾದರೆ ಯಕ್ಷಗಾನ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಉಣುಗು ಕಚ್ಚಿ ಹರಡುವ ಆ ಜ್ವರಕ್ಕೂ ಒಮ್ಮೆ ನಾವೇ ಬಣ್ಣ ಹಚ್ಚಿದ್ದೆವು. ನನಗೆ ಸಿಕ್ಕಿದ್ದು ಹನುಮಂತನ ವೇಷ. ಗದೆ ಕೆಳಗಿಟ್ಟು, ಬಾಲ ಸರಿಪಡಿಸಿಕೊಂಡು, “ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ” ಎಂದು ಸಾರಬೇಕು. ಸಾರಿದೆ. ಮುಂದೆ ಕೂತಿದ್ದ ಅಜ್ಜಿ ಕೈ ಮುಗಿದು, “ಹಾಗೆಲ್ಲ ಅನ್ನಬೇಡಪ್ಪ” ಎಂದು ಕಣ್ಣೊರೆಸಿಕೊಂಡರು.

ಒಂದೂಕಾಲಕ್ಕೆ ಕರೆ ಬಂತು. ಹನ್ನೆರಡು ನಿಮಿಷ. ರಾತ್ರಿಯಿಡೀ ಆಡುವ ಆಟವನ್ನು ಮೂರು ಗಂಟೆಗೆ ಇಳಿಸಿ ಅಭ್ಯಾಸವಾಗಿದೆ. ಹನ್ನೆರಡು ನಿಮಿಷದಲ್ಲಿ ಕಾಡಿಗೆ ಬೆಂಕಿ ಹೇಗೆ ಹಿಡಿಸುವುದು? ನಮ್ಮ ಅಗ್ನಿ ಬ್ರಾಹ್ಮಣ ವೇಷದಲ್ಲಿ ಬಂದು “ಹಸಿದು ಬಂದಿದ್ದೇನೆ, ಉಣಿಸುವಿರಾ?” ಎಂದು ಅಂಗೈ ಒಡ್ಡಿದ್ದೂ, “ಊಟದ ವ್ಯವಸ್ಥೆ ಹಿಂಭಾಗದ ಶಾಮಿಯಾನದಲ್ಲಿದೆ” ಎಂದು ನಿರೂಪಕಿ ಮೈಕಿನಲ್ಲಿ ಘೋಷಿಸಿದ್ದೂ ಒಂದೇ ಗಳಿಗೆಯಲ್ಲಿ. ಸಭೆ ಎದ್ದಿತು. ಹದಿನಾಲ್ಕು ಗಣ್ಯರು ಮೊದಲು ಎದ್ದರು. ನಾನು ಅಗ್ನಿಗೆ ಅಭಯ ಕೊಟ್ಟದ್ದನ್ನು ಕಂಡವರು ಫೋಟೋದವನು, ಕಸ ಗುಡಿಸಲು ಕಾಯುತ್ತಿದ್ದ ಹೆಂಗಸು, ಮತ್ತು ಅವರ ಮಗು. ಮಗು ಮಾತ್ರ ಬಾಯಿ ತೆರೆದು ನೋಡುತ್ತಿತ್ತು. ಅದಕ್ಕಾಗಿ ಗಿರ್ರನೆ ತಿರುಗಿ ಹಾರುವ ದಿಗಿಣ ಎರಡು ಹೆಚ್ಚು ಹಾಕಿದೆ.

ಸನ್ಮಾನ ಊಟದ ಜಾಗದಲ್ಲೇ ನಡೆಯಿತು. ಶಾಲು ಭುಜಕೀರ್ತಿಯ ಮೇಲೆ ನಿಲ್ಲದೆ ಜಾರಿ ಸಾರಿನ ಪಾತ್ರೆಯ ಅಂಚಿಗೆ ಬಿತ್ತು. ಎತ್ತಿ ಮತ್ತೆ ಹೊದಿಸಿ ಫೋಟೋ ತೆಗೆದರು. ನೆನಪಿನ ಕಾಣಿಕೆ ಎರಡೂವರೆ ಅಡಿ ಎತ್ತರದ್ದು. ನಡುವೆ ದೊಡ್ಡದೊಂದು ಕಣ್ಣು ಕೊರೆದು, ಕೆಳಗೆ ಚಿನ್ನದ ಬಣ್ಣದಲ್ಲಿ ‘ಕಲಾವಿದ ಸಮಾಜದ ಕಣ್ಣು’ ಎಂದು ಬರೆದಿತ್ತು. ಸಂಭಾವನೆಯ ಕಡತ ಮುಂದೆ ಹೋಗಿದೆ ಎಂದರು. ಎಷ್ಟು ಮುಂದೆ ಎಂದು ತಿಳಿಯಲಿಲ್ಲ.

ಹೊಸನಗರದ ಬಸ್ಸು ತುಂಬಿತ್ತು. ವೇಷದ ಪೆಟ್ಟಿಗೆ ಮೇಲೆ ಹೋಯಿತು, ಕಾಣಿಕೆ ಮಾತ್ರ ಎಲ್ಲೂ ಹಿಡಿಸದೆ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತಿತು. ಬಸ್ಸು ಊರು ದಾಟಿರಲಿಲ್ಲ, ಡ್ರೈವರ್ ತಿರುಗಿ ಕಂಡಕ್ಟರನ್ನು ಕೂಗಿದ:

“ಎಡಗಡೆ ಕನ್ನಡಿ ಕಾಣುತ್ತಿಲ್ಲ. ಯಾರದಪ್ಪ ಇದು, ಈ ಕಣ್ಣನ್ನು ತೆಗೆದು ಹಿಂದೆ ಇಡಿ.”