‘ಲಭ್ಯವಿಲ್ಲ’ ಅಂತ ಬರೆಯುವ ಮುಂಚೆ ತವರೂರು ಕೇಳಿ

ಹಳ್ಳಿಯಲ್ಲಿ ಹುಟ್ಟಿದವರ ಜನನ ದಾಖಲೆ ಸಿಗುವುದೇ ಇಲ್ಲ ಅಂತ ನಮ್ಮ ಕಡೆ ಬಹಳ ಜನ ಮೊದಲೇ ಕೈಚೆಲ್ಲಿ ಕೂತಿರುತ್ತಾರೆ. ಗದಗ, ಹಾವೇರಿ, ಧಾರವಾಡ, ಎಲ್ಲಿ ಕೇಳಿದರೂ ಅದೇ ಮಾತು. ಆದರೆ ಎಷ್ಟೋ ಮಂದಿಯ ದಾಖಲೆ ಇದೆ. ಸರಿಯಾದ ಊರಿನ ಪುಸ್ತಕದಲ್ಲಿ ಯಾರೂ ಹುಡುಕಿರುವುದಿಲ್ಲ, ಅಷ್ಟೇ. ನಾನು ಹಾವೇರಿ ಜಿಲ್ಲೆಯವನು, ಕೆಲಸಕ್ಕೆ ಅಂತ ಗೋವಾಕ್ಕೆ ಬಂದು ಮಡಗಾಂವಿನಲ್ಲೇ ನೆಲೆಸಿದ್ದೇನೆ. ಎರಡೂ ಕಡೆಯ ಕಚೇರಿಗಳಲ್ಲಿ ಹಳೇ ದಾಖಲೆ ಹೇಗೆ ಹುಡುಕುತ್ತಾರೆ ಅಂತ ಹತ್ತಿರದಿಂದ ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನಿಸಿತು.

ಅಣ್ಣನ ಕುಟುಂಬ ಹೊರದೇಶಕ್ಕೆ ಹೋಗುವುದಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಹುಟ್ಟಿದ್ದು 1985ರಲ್ಲಿ. ಪಾಸ್‌ಪೋರ್ಟಿಗೆ ಶಾಲೆಯ ಟಿಸಿ ನಡೆದಿತ್ತು. ವೀಸಾಕ್ಕೆ ಮಾತ್ರ ಜನನ ಪ್ರಮಾಣಪತ್ರವೇ ಬೇಕು ಅಂದರು. ಅವರ ತಂದೆಯ ಊರು ಬರುವ ತಾಲೂಕಿನ ಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಆ ಊರಿನ 1985ರ ಪುಸ್ತಕ ತೆಗೆದರು, ಜೂನ್ ತಿಂಗಳ ಹಾಳೆ ನೋಡಿದರು, ‘ದಾಖಲೆ ಲಭ್ಯವಿಲ್ಲ’ ಅಂತ ನಮೂನೆ 10ರಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ಇದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಿ ಆದೇಶ ತಗೊಂಡು ಬನ್ನಿ ಅಂದರು.

ಜೂನ್ ತಿಂಗಳನ್ನೇ ಯಾಕೆ ನೋಡಿದರು ಅಂದರೆ, ಟಿಸಿಯಲ್ಲಿ ಜೂನ್ 1 ಅಂತ ಇತ್ತು. ನಮ್ಮ ಕಡೆ ಆ ತಲೆಮಾರಿನ ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಅಂತ ಎಲ್ಲರಿಗೂ ಗೊತ್ತಿರುವ ವಿಷಯವೇ ಅಲ್ವಾ? ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಲಿ ಅಂತ ಹೆಡ್‌ಮಾಸ್ತರು ಲೆಕ್ಕ ಹಾಕಿ ಬರೆದುಕೊಂಡ ತಾರೀಖು ಅದು. ಆ ತಾರೀಖು ಇಟ್ಟುಕೊಂಡು ಜನನ ಪುಸ್ತಕ ಹುಡುಕಿದರೆ ಏನು ಸಿಗುತ್ತೆ?

ದಾರಿ ತೋರಿಸಿದವರು ನಿವೃತ್ತರಾದ ಒಬ್ಬ ತಲಾಟಿ. ಗ್ರಾಮ ಲೆಕ್ಕಿಗರನ್ನು ಸರ್ಕಾರ ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಕರೆದರೂ ನಮ್ಮ ಊರಲ್ಲಿ ಹಳಬರಿಗೆ ಅವರು ತಲಾಟಿಯೇ. ಅವರು ವೈನಿಯನ್ನು ಕೇಳಿದ್ದು ಇಷ್ಟು: ‘ಯವ್ವಾ, ನೀ ಚೊಚ್ಚಲ ಕೂಸೇನು?’ ಹೌದ್ರೀ ಅಂದರು ವೈನಿ. ‘ಹಂಗಾರ ನಿಮ್ಮವ್ವನ ತವರು ಯಾವೂರು? ಅಲ್ಲಿ ಪುಸ್ತಕದಾಗ ನೋಡಸ್ರಿ. ಚೊಚ್ಚಲ ಬಾಣಂತನ ತವರಾಗ ಆಗಿರ್ತೈತಿ.’

ಜನನ ಮರಣ ನೋಂದಣಿ ಕಾಯ್ದೆ ಹೇಳುವುದೂ ಇದನ್ನೇ. ಮಗು ಎಲ್ಲಿ ಹುಟ್ಟಿತೋ ಅಲ್ಲಿಯ ಪುಸ್ತಕದಲ್ಲೇ ಬರೆಯಬೇಕು. ಅಪ್ಪನ ಊರು ಯಾವುದು, ರೇಷನ್ ಕಾರ್ಡ್ ಎಲ್ಲಿದೆ ಅನ್ನೋದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಏಳು ತಿಂಗಳಿಗೋ ಎಂಟಕ್ಕೋ ಮಗಳನ್ನು ತವರಿಗೆ ಕರಕೊಂಡು ಹೋಗುತ್ತಾರೆ, ಹೆರಿಗೆ ಅಲ್ಲೇ ಆಗುತ್ತೆ, ಕೂಸಿಗೆ ಕೆಲವು ತಿಂಗಳು ತುಂಬಿದ ಮೇಲೆ ಗಂಡನ ಮನೆಗೆ ವಾಪಸ್ ಬರುತ್ತಾರೆ, ಆಮೇಲೆ ಆ ಮಗುವಿನ ಶಾಲೆ, ಓಟಿನ ಚೀಟಿ, ಆಧಾರ್ ಎಲ್ಲವೂ ಅಪ್ಪನ ಊರಿನ ಹೆಸರಲ್ಲೇ ಬೆಳೆಯುತ್ತವೆ. ಹುಟ್ಟಿದ ಊರು ಕಾಗದದಿಂದ ಮಾಯ.

ವೈನಿಯ ಅಜ್ಜನ ಊರು ಗದಗ ಜಿಲ್ಲೆಯ ಆಚೆ ಅಂಚಿನಲ್ಲಿ, ತುಂಗಭದ್ರೆಯ ಕಡೆಗಿದೆ. ಬಸ್ಸು ಬಹಳ ಕಮ್ಮಿ. ಆ ಊರಿನ ಹಳೇ ಪುಸ್ತಕ ಇದ್ದದ್ದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಅಲ್ಲಿಯ ಗುಮಾಸ್ತರು ಒಳ್ಳೆಯವರು, ತಾವೇ ಏಣಿ ಹತ್ತಿ ಇಳಿಸಿಕೊಟ್ಟರು. ಪುಸ್ತಕದ ಬೆನ್ನು ಬಿಚ್ಚಿಕೊಂಡಿತ್ತು, ಹಾಳೆಯ ಅಂಚು ಮುಟ್ಟಿದರೆ ಉದುರುತ್ತಿತ್ತು. ತಾಯಿಯ ಹೆಸರು ಹೇಳಿದೆವು, ಸಿಗಲಿಲ್ಲ. ಯಾಕೆ ಅಂದರೆ ಅವರಿಗೆ ಮದುವೆಯಲ್ಲಿ ಹೆಸರು ಬದಲಿಸಿದ್ದರು, ಗಂಡನ ಮನೆಯ ಹೆಸರು ತವರೂರಿನ ತಲಾಟಿಗೆ ಎಲ್ಲಿ ಗೊತ್ತಿರಬೇಕು? ತವರಿನ ಹೆಸರು ಹೇಳಿ ಮತ್ತೆ ಒಂದೊಂದೇ ಹಾಳೆ ತಿರುವಿದ ಮೇಲೆ ನವೆಂಬರ್ ತಿಂಗಳಲ್ಲಿ ಆ ಸಾಲು ಬಂತು. ನೀಲಿ ಶಾಯಿ. ಹೆಣ್ಣು. ಮಗುವಿನ ಹೆಸರಿನ ಕಾಲಂ ಖಾಲಿ. ಹುಟ್ಟಿದ ಜಾಗ, ಮನೆ. ಮಾಹಿತಿ ಕೊಟ್ಟವರು ಅಂತ ಇರುವಲ್ಲಿ ವೈನಿಯ ಅಜ್ಜನ ಹೆಸರು, ಪಕ್ಕಕ್ಕೆ ಅವರ ಎಡಗೈ ಹೆಬ್ಬೆಟ್ಟು. ವೈನಿ ಆ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ನಿಂತುಬಿಟ್ಟರು.

ಹಳ್ಳಿಯವರಿಗೆ ನೋಂದಣಿ ಮಾಡಿಸುವ ತಿಳಿವಳಿಕೆ ಇರಲಿಲ್ಲ ಅಂತ ಯಾರಾದರೂ ಸಲೀಸಾಗಿ ಅಂದುಬಿಟ್ಟರೆ ನನಗೆ ಈಗ ಸಿಟ್ಟು ಬರುತ್ತೆ. ಅಕ್ಷರ ಬಾರದ ಒಬ್ಬ ರೈತ, ಹೊಲದ ಕೆಲಸ ಬಿಟ್ಟು ಚಾವಡಿಗೆ ಹೋಗಿ, ಮೊಮ್ಮಗಳು ಹುಟ್ಟಿದ್ದನ್ನು ಬರೆಸಿ ಹೆಬ್ಬೆಟ್ಟು ಒತ್ತಿ ಬಂದಿದ್ದರು. ತಮ್ಮ ಕೆಲಸ ಅವರು ಮಾಡಿದ್ದರು. ಅದನ್ನು ಹುಡುಕಿ ಕೊಡುವುದು ಇನ್ನೊಬ್ಬರ ಕೆಲಸವಾಗಿತ್ತು, ಅದೇ ಆಗಲಿಲ್ಲ.

ಮೊದಲಿನ ‘ಲಭ್ಯವಿಲ್ಲ’ ನಂಬಿಕೊಂಡು ನಾವು ಕೋರ್ಟಿಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. ಟಿಸಿ ನೋಡಿ ಜೂನ್ 1 ಅಂತಲೇ ಆದೇಶ ಆಗುತ್ತಿತ್ತು. ಹುಟ್ಟಿದ ಜಾಗ ಅಪ್ಪನ ಊರು ಅಂತ ಹೊಸದಾಗಿ ನೋಂದಣಿ ಆಗುತ್ತಿತ್ತು. ಒಬ್ಬರಿಗೆ ಎರಡು ಜನನ, ಎರಡು ಊರು, ಎರಡು ತಾರೀಖು. ಸರ್ಕಾರಿ ಪುಸ್ತಕದಲ್ಲೇ ಒಂದು ಸುಳ್ಳು ಸೇರಿಕೊಳ್ಳುತ್ತಿತ್ತು, ಯಾರೂ ಬೇಕಂತ ಸುಳ್ಳು ಹೇಳದಿದ್ದರೂ. ಹೀಗೆ ಎಷ್ಟು ಮಂದಿಗೆ ಆಗಿದೆಯೋ.

ನಿಜವಾದ ದಾಖಲೆ ಸಿಕ್ಕಿತು ಅಂತ ತೊಂದರೆ ಮುಗಿಯಲಿಲ್ಲ, ಅದನ್ನೂ ಹೇಳಬೇಕು. ಪ್ರಮಾಣಪತ್ರದಲ್ಲಿ ನವೆಂಬರ್, ಉಳಿದೆಲ್ಲ ಕಾಗದದಲ್ಲಿ ಜೂನ್. ಹೆಸರೂ ಇಲ್ಲ. ಹೆಸರಿಲ್ಲದೆ ನೋಂದಣಿಯಾದ ಮಗುವಿಗೆ ಮೊದಲ ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ ಹೆಸರು ಸೇರಿಸಬಹುದು. ವೈನಿಗೆ ಆ ಗಡುವು ಎಂದೋ ದಾಟಿತ್ತು. ಕೊನೆಗೆ ಹೆಸರಿಲ್ಲದ ಪ್ರಮಾಣಪತ್ರಕ್ಕೆ ಅಫಿಡವಿಟ್ ಜೋಡಿಸಿ ಕೊಟ್ಟು ಕೆಲಸ ಮುಗಿಯಿತು.

ಇನ್ನು ಗೋವಾದ ವಿಷಯ. ಇಲ್ಲಿ ಪೋರ್ಚುಗೀಸರ ಆಡಳಿತದಲ್ಲಿ, 1914ರಿಂದ, ಯಾವ ಧರ್ಮದವರೇ ಆಗಲಿ ಜನನವನ್ನು ಸರ್ಕಾರಿ ಪುಸ್ತಕದಲ್ಲಿ ಬರೆಸಬೇಕು ಅಂತ ಆಯಿತು. 1961ರ ಡಿಸೆಂಬರ್ 19ಕ್ಕೆ ಗೋವಾ ವಿಮೋಚನೆ ಆಯಿತು, ಆಮೇಲೆ ನಮ್ಮ 1969ರ ಜನನ ಮರಣ ನೋಂದಣಿ ಕಾಯ್ದೆ ಇಲ್ಲಿಗೂ ಬಂತು, ಈಗ ಹಳ್ಳಿಗಳಲ್ಲಿ ಪಂಚಾಯಿತಿ ಕಾರ್ಯದರ್ಶಿಯೇ ನೋಂದಣಿ ಮಾಡುತ್ತಾರೆ. ಆದರೆ ಹಳೇ ಪುಸ್ತಕಗಳ ರೀತಿ ಬೇರೆ. ಒಂದು ಮಗುವಿನ ದಾಖಲೆಯಲ್ಲಿ ಅಪ್ಪ-ಅಮ್ಮನ ಹೆಸರಿನ ಜೊತೆ ಎರಡೂ ಕಡೆಯ ಅಜ್ಜ-ಅಜ್ಜಿಯರ ಹೆಸರೂ ಇರುತ್ತವೆ. ಮುಂದೆ ಮದುವೆಯಾದರೆ ಅದೇ ಪುಟದ ಅಂಚಿನಲ್ಲಿ ಟಿಪ್ಪಣಿ ಬರೆಯುವ ಪದ್ಧತಿ ಇದೆ. ನಮ್ಮ ಮನೆ ಮಾಲೀಕರು ತಮ್ಮ ತಾಯಿಯ ದಾಖಲೆ ತೆಗೆಸುವಾಗ ನಾನು ಜೊತೆಗೆ ಹೋಗಿದ್ದೆ. ಕೌಂಟರಿನಲ್ಲಿ ಕೂತ ಹೆಣ್ಣುಮಗಳು ತಾರೀಖು ಆಮೇಲೆ ಕೇಳಿದಳು. ಮೊದಲು ಕೇಳಿದ್ದು ತಾಯಿಯ ತಂದೆ ಯಾರು, ತಾಯಿಯ ತಾಯಿ ಯಾರು, ಯಾವ ಊರಿನ ಯಾವ ವಾಡೊ, ಅಂದರೆ ಯಾವ ಕೇರಿ ಅಂತ. ತಾರೀಖು ಎರಡು ವರ್ಷ ಹಿಂದೆ ಮುಂದೆ ಇದ್ದರೂ ಪರವಾಗಿಲ್ಲ, ನೋಡುತ್ತೇವೆ ಅಂದಳು. ನೋಡಿದರು ಕೂಡ.

ಗೋವಾ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಸಣ್ಣ ರಾಜ್ಯ, ಸಂಭಾಳಿಸುವುದು ಸುಲಭ. ಹಳೇ ಪುಸ್ತಕಗಳು ಪೋರ್ಚುಗೀಸ್ ಭಾಷೆಯಲ್ಲಿವೆ, ಓದಬಲ್ಲವರು ಕಮ್ಮಿ, ಅನುವಾದಕ್ಕೆ ಬೇರೆ ದುಡ್ಡು ಕೊಡಬೇಕು. ಆದರೂ ಅಲ್ಲಿ ನನಗೆ ಇಷ್ಟವಾದದ್ದು ಒಂದು: ಮನುಷ್ಯರನ್ನು ತಾಯಿಯ ಕಡೆಯಿಂದಲೂ ಹುಡುಕುತ್ತಾರೆ. ನಮ್ಮ ಅರ್ಜಿಯಲ್ಲಿ ತಾಯಿಯ ಹೆಸರು ಅಂತ ಒಂದು ಸಾಲು ಇರುತ್ತೆ, ಹೌದು. ಆದರೆ ಅದನ್ನು ಹಿಡಿದು ಯಾರೂ ಹುಡುಕುವುದಿಲ್ಲ.

ಇದು ಬರೀ ಹಳಬರ ಸಮಸ್ಯೆ ಅಂದುಕೊಳ್ಳಬೇಡಿ. ವಾಸ್ಕೋ, ಮಡಗಾಂವ ಕಡೆ ಕಟ್ಟಡ ಕೆಲಸ, ಮೀನಿನ ಕೆಲಸ ಮಾಡುವ ಗದಗ, ಹಾವೇರಿ, ಕೊಪ್ಪಳದ ಕುಟುಂಬಗಳು ಬಹಳ ಇವೆ. ಅವರ ಹೆಣ್ಣುಮಕ್ಕಳು ಹೆರಿಗೆಗೆ ಈಗಲೂ ಲೋಂಡಾ ದಾಟಿ ತವರಿಗೇ ಹೋಗುತ್ತಾರೆ. ಮುಂಡರಗಿಯಲ್ಲೋ ರೋಣದಲ್ಲೋ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆಗುತ್ತೆ, ಆಸ್ಪತ್ರೆಯಿಂದಲೇ ನೋಂದಣಿಗೆ ಹೋಗುತ್ತೆ. ಇಲ್ಲಿ ಕರ್ನಾಟಕವನ್ನು ಹೊಗಳಲೇಬೇಕು, ಆನ್‌ಲೈನ್ ನೋಂದಣಿಯ ಇ-ಜನ್ಮ ವ್ಯವಸ್ಥೆ ಬಂದ ಮೇಲೆ ಡಿಜಿಟಲ್ ಸಹಿ ಇರುವ ಪ್ರಮಾಣಪತ್ರ ಸಿಗುವುದು ಎಷ್ಟೋ ಸಲೀಸಾಗಿದೆ. ಆದರೆ ಕೂಸಿಗೆ ಹೆಸರಿಡುವುದು ತೊಟ್ಟಿಲಿಗೆ ಹಾಕುವ ದಿನ. ಆಸ್ಪತ್ರೆಯಲ್ಲಿ ನಮೂನೆ ತುಂಬುವ ಹೊತ್ತಿಗೆ ಹೆಸರೇ ಇರುವುದಿಲ್ಲ. ಖಾಲಿ ಹೆಸರಿನ ಪ್ರಮಾಣಪತ್ರ ಹಿಡಿದುಕೊಂಡು ಗೋವಾಕ್ಕೆ ಬರುತ್ತಾರೆ, ಶಾಲೆಗೆ ಹಾಕುವಾಗ ಅದು ಗೊತ್ತಾಗುತ್ತೆ, ಹೆಸರು ಸೇರಿಸಲು ಕೂಲಿ ಬಿಟ್ಟು ಮತ್ತೆ ಆ ಊರಿಗೇ ಓಡಬೇಕು.

ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿ ಇದನ್ನು ಇನ್ನೂ ಬಿಗಿ ಮಾಡಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಡ್ರೈವಿಂಗ್ ಲೈಸೆನ್ಸ್‌ಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ನೌಕರಿಗೆ ಹುಟ್ಟಿದ ದಿನ ಮತ್ತು ಜಾಗಕ್ಕೆ ಜನನ ಪ್ರಮಾಣಪತ್ರವೇ ಆಧಾರ. ನಮ್ಮ ವೈನಿ ಕಾಲದ ಟಿಸಿ ಇವರಿಗೆ ನಡೆಯುವುದಿಲ್ಲ. ಅದೇ ತಿದ್ದುಪಡಿಯಲ್ಲಿ ಒಂದು ಅನುಕೂಲವೂ ಆಗಿದೆ. ವರ್ಷ ದಾಟಿದ ನೋಂದಣಿಗೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು, ಈಗ ಆ ಅಧಿಕಾರ ಜಿಲ್ಲಾ ಅಥವಾ ಉಪವಿಭಾಗದ ದಂಡಾಧಿಕಾರಿಗೆ, ಇಲ್ಲವೇ ಜಿಲ್ಲಾ ದಂಡಾಧಿಕಾರಿ ಹೇಳಿದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ. ಒಳ್ಳೆಯದೇ. ಆದರೆ ದಾರಿ ಸುಲಭವಾದಷ್ಟೂ ‘ಲಭ್ಯವಿಲ್ಲ’ ಬರೆದು ಕೈತೊಳೆದುಕೊಳ್ಳುವುದೂ ಸುಲಭವಾಗುತ್ತೆ ಅನ್ನೋದೇ ನನ್ನ ಚಿಂತೆ.

ನಾನು ಕೇಳುವುದು ಹೊಸ ಕಾಯ್ದೆಯನ್ನಲ್ಲ. ‘ಲಭ್ಯವಿಲ್ಲ’ ಅಂತ ಬರೆಯುವ ಮುಂಚೆ ತಾಯಿಯ ತವರೂರು ಯಾವುದು, ತವರಿನಲ್ಲಿ ಅವರ ಹೆಸರು ಏನಿತ್ತು ಅಂತ ಕೇಳಲಿ. ಹೇಳಿದ ವರ್ಷದ ಹಿಂದಿನದು, ಮುಂದಿನದು, ಎರಡನ್ನೂ ಪೂರ್ತಿ ನೋಡಲಿ. ಯಾವ ಊರಿನ ಯಾವ ವರ್ಷದ ಪುಸ್ತಕ ನೋಡಿದೆವು ಅಂತ ಆ ನಮೂನೆಯಲ್ಲೇ ಬರೆಯಲಿ. ರಾಜ್ಯ ಸರ್ಕಾರ ಭೂಸುರಕ್ಷಾ ಯೋಜನೆಯಲ್ಲಿ ತಾಲೂಕು ರೆಕಾರ್ಡ್ ರೂಮುಗಳ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ, ಬಹಳ ಒಳ್ಳೆಯ ಕೆಲಸ. ಅದೇ ರೂಮಿನಲ್ಲಿ ಉದುರುತ್ತಿರುವ ಜನನ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿ, ತಾಯಿಯ ಹೆಸರು ಮತ್ತು ಮಾಹಿತಿ ಕೊಟ್ಟವರ ಹೆಸರಿನಿಂದ ಹುಡುಕುವ ಹಾಗೆ ಸೂಚಿ ಮಾಡಿದರೆ ಎಷ್ಟು ಮನೆಗಳಿಗೆ ಉಪಕಾರ!

ಹೊರನಾಡಿನಲ್ಲಿ ಇರುವವರು ಅರ್ಜಿ ಕೊಡುವಾಗ ಊರಿನ ಜೊತೆ ಹುಟ್ಟಿದ ಕಾಲದ ತಾಲೂಕನ್ನೂ ಬರೆಯಿರಿ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ, ಅದಕ್ಕೆ ಮುಂಚೆ ಹುಟ್ಟಿದವರ ಕಾಗದದಲ್ಲಿ ಧಾರವಾಡ ಜಿಲ್ಲೆ ಅಂತಲೇ ಇರುತ್ತೆ. ಲಕ್ಷ್ಮೇಶ್ವರ, ಗಜೇಂದ್ರಗಡ, ರಟ್ಟಿಹಳ್ಳಿ, ಅಣ್ಣಿಗೇರಿ ತಾಲೂಕುಗಳಾದದ್ದು ಈಚೆಗೆ, ಹಾಗಾಗಿ ಶಿರಹಟ್ಟಿ, ರೋಣ, ಹಿರೇಕೆರೂರು, ನವಲಗುಂದದಲ್ಲೂ ವಿಚಾರಿಸಿ. ಹುಡುಕಿಸುವುದಕ್ಕೆ, ನಕಲು ಕೇಳುವುದಕ್ಕೆ ಕಾಯ್ದೆಯ 17ನೇ ಕಲಮಿನಲ್ಲಿ ಯಾರಿಗೇ ಆದರೂ ಅವಕಾಶ ಇದೆ, ಅರ್ಜಿಯಲ್ಲಿ ಆ ಕಲಂ ಬರೆದು ನೋಡಬೇಕಾದ ಊರುಗಳನ್ನು ನೀವೇ ಪಟ್ಟಿ ಮಾಡಿ ಕೊಡಿ. ಸೋದರಮಾವ ಊರಲ್ಲಿದ್ದರೆ ಮೊದಲು ಅವರಿಗೆ ಫೋನ್ ಮಾಡಿ. ನೀವು ಯಾವ ಮನೆಯಲ್ಲಿ, ಯಾವ ಹಬ್ಬದ ಹಿಂದೆ ಮುಂದೆ ಹುಟ್ಟಿದ್ದು ಅಂತ ಅವರಿಗೆ ನೆನಪಿರುತ್ತೆ.