ಬಾಲ್ಕನಿಯಲ್ಲಿ ದೊಡ್ಡಪತ್ರೆ, ಕೈಯಲ್ಲಿ ಆಂಟಿಬಯಾಟಿಕ್

ಡಿಸೆಂಬರ್‌ನಲ್ಲಿ ಬೆಂಗಳೂರಿನ ಜಯನಗರದ ಅಣ್ಣನ ಮನೆಗೆ ಬಂದ ಮಾರನೇ ದಿನವೇ ನೆಗಡಿ ಹಿಡಿಯಿತು. "ಅತ್ತಿಗೆ, ಸ್ವಲ್ಪ ಕಷಾಯ ಸಿಗುತ್ತಾ?" ಅಂದೆ. "ಅಯ್ಯೋ, ಕಷಾಯ ಈಗ ಯಾರು ಕಾಯಿಸ್ತಾರೆ? ಆಂಟಿಬಯಾಟಿಕ್ ತರಿಸ್ತೀನಿ, ಮೂರು ದಿನ ನುಂಗಿ, ಸರಿಹೋಗುತ್ತೆ" ಅಂದರು. ಹುಡುಗ ಮೆಡಿಕಲ್ ಶಾಪಿಗೆ ಹೋಗಿ ತಂದೇಬಿಟ್ಟ. ಡಾಕ್ಟರ ಚೀಟಿ ಯಾರೂ ಕೇಳಲಿಲ್ಲ. ಬಾಲ್ಕನಿಯಲ್ಲಿ ನೋಡಿದರೆ ದೊಡ್ಡಪತ್ರೆ ಕುಂಡ ತುಂಬಿ ಕೆಳಗೆ ಜೋತುಬಿದ್ದಿದೆ. ನನಗೆ ತುಂಬಾ ಬೇಜಾರಾಯಿತು.

ನಾನಿರುವುದು ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ. ಅಲ್ಲಿ ಕೆಮ್ಮು ಅಂತ ಹೋದರೆ ನಮ್ಮ ಡಾಕ್ಟರು ಎದೆ ಪರೀಕ್ಷೆ ಮಾಡಿ, "ವೈರಸ್ ನೆಗಡಿ, ಥೈಮ್ ಟೀ ಕುಡಿದು ಮಲಗಿ" ಅಂತ ಕಳಿಸುತ್ತಾರೆ. ಥೈಮ್ ಅಂದರೆ ಓಮದಂಥ ಘಾಟಿನ ಒಂದು ಸೊಪ್ಪು. ಔಷಧಿ ಅಂಗಡಿಯಲ್ಲೇ ಥೈಮ್, ಸೇಜ್, ಲಿಂಡನ್ ಹೂವಿನ ಪೊಟ್ಟಣಗಳು ಸಿಗುತ್ತವೆ. ಪಕ್ಕದ ಮನೆ ಅಜ್ಜಿ ಈರುಳ್ಳಿ ಹೆಚ್ಚಿ, ಸಕ್ಕರೆ ಬೆರೆಸಿ, ಬಾಟಲಿಯಲ್ಲಿ ಮುಚ್ಚಿಟ್ಟು, ಬಿಟ್ಟ ರಸವನ್ನು ಕೆಮ್ಮಿಗೆ ಅಂತ ತಂದುಕೊಡುತ್ತಾರೆ. ಟೀ ಲೋಟದ ಮೇಲೆ ತಟ್ಟೆ ಮುಚ್ಚದಿದ್ದರೆ ಬೈಯುತ್ತಾರೆ, ಸಾರವೆಲ್ಲ ಹಬೆಯಲ್ಲಿ ಹೋಗುತ್ತದಂತೆ. ನಮ್ಮಜ್ಜಿ ಹೇಳುತ್ತಿದ್ದದ್ದೂ ಇದೇ ಅಲ್ವಾ! ಥೈಮ್‌ನಲ್ಲಿರುವ ಥೈಮಾಲ್ ಅನ್ನುವ ಘಾಟಿನ ಅಂಶ ನಮ್ಮ ಓಮದಲ್ಲೂ ಇದೆ, ದೊಡ್ಡಪತ್ರೆಯಲ್ಲೂ ಇದೆ. ಅವರು ಅದನ್ನು ಅಂಗಡಿಯ ಮುಂದಿನ ಸಾಲಿನಲ್ಲಿ ಇಟ್ಟುಕೊಂಡಿದ್ದಾರೆ, ನಾವು ಅಂದಕ್ಕೆ ಬೆಳೆಸುತ್ತಿದ್ದೇವೆ.

ಮಾತ್ರೆ ಪಕ್ಕಕ್ಕಿಟ್ಟು ಗಾಂಧಿ ಬಜಾರಿಗೆ ಹೋದೆ. ಗ್ರಂಧಿಗೆ ಅಂಗಡಿಯಲ್ಲಿ ಹಿಪ್ಪಲಿ, ಜೇಷ್ಠಮಧು, ಒಣಶುಂಠಿ ತಂದೆ. ಮೆಣಸಿನ ಜೊತೆ ಕುಟ್ಟಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿದೆ. ತುಳಸಿ, ದೊಡ್ಡಪತ್ರೆ ಕೊನೆಗೆ ಕಿವುಚಿ ಹಾಕಿ, ಒಲೆ ಆರಿಸಿ, ತಟ್ಟೆ ಮುಚ್ಚಿದೆ. ಆಮೇಲೆ ಒಂದು ಚೂರು ಬೆಲ್ಲ. ಖಾರ ಗಂಟಲಿಗೆ ಇಳಿಯುತ್ತಿದ್ದ ಹಾಗೆ ಕಿವಿ ಬಿಸಿಯಾಯಿತು, ಕಟ್ಟಿದ ಮೂಗು ಬಿಟ್ಟಿತು.

ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ನೆಗಡಿ, ಫ್ಲೂ ಎರಡೂ ವೈರಸ್‌ನಿಂದ ಬರುವಂಥವು, ಅವಕ್ಕೆ ಅದು ಏನೂ ಮಾಡುವುದಿಲ್ಲ. ಸುಮ್ನೆ ನುಂಗುತ್ತಾ ಹೋದರೆ ನಾಳೆ ನಿಜವಾಗಿ ಬೇಕಾದಾಗ ಅದು ನಾಟುವುದಿಲ್ಲ. ಚೀಟಿ ಇಲ್ಲದೆ ಕೊಡಬಾರದು ಅಂತ ನಮ್ಮಲ್ಲೂ ಕಾನೂನಿದೆ, ಆದರೆ ಕೇಳುವವರಿಲ್ಲ. ಇಷ್ಟು ಓದಿದವರಿರುವ ಊರಿನಲ್ಲಿ ಹೀಗಾದರೆ ಸಿಟ್ಟು ಬರದೆ ಇರುತ್ತದೆಯೇ?

ಹಾಗಂತ ಕಷಾಯ ಫ್ಲೂ ವಾಸಿ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಗಂಟಲಿಗೆ ಹಿತ, ಅಷ್ಟೇ. ಜ್ವರ ಇಳಿಯದೆ ಉಸಿರು ಕಟ್ಟಿದರೆ ಆಸ್ಪತ್ರೆಗೇ ಹೋಗಬೇಕು. ಜೇಷ್ಠಮಧು ಜಾಸ್ತಿಯಾದರೆ ಬಿಪಿ ಏರುತ್ತದೆ, ಅಣ್ಣನ ಲೋಟಕ್ಕೆ ನಾನು ಅದನ್ನು ಹಾಕಲಿಲ್ಲ. ಬೆಲ್ಲದ ಬದಲು ಜೇನು ಬೆರೆಸುವವರೂ ನೆನಪಿಡಿ, ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದು.

ಇನ್ನೊಂದು ಮಾತೂ ಒಪ್ಪಬೇಕು. ಜರ್ಮನಿಯಲ್ಲಿ ಕಾಯಿಲೆ ಬಿದ್ದರೆ ಕಂಪನಿ 6 ವಾರದವರೆಗೆ ಪೂರ್ತಿ ಸಂಬಳ ಕೊಡುತ್ತದೆ. ಡಾಕ್ಟರು ಮಲಗಿ ಅಂದರೆ ಮಲಗಬಹುದು. ಅತ್ತಿಗೆ ಮೂಗು ಸೋರುತ್ತಿದ್ದರೂ ಬೆಳಿಗ್ಗೆ ಎಂಟಕ್ಕೆ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಕೆಲಸಕ್ಕೆ ಹೋಗಬೇಕು. ಅವರಿಗೆ ಇವತ್ತೇ ವಾಸಿಯಾಗಬೇಕು, ಅದಕ್ಕೇ ಮಾತ್ರೆ. ಆದರೆ ಅಣ್ಣನಿಗೆ ಮನೆಯಿಂದಲೇ ಕೆಲಸ. ಶುಂಠಿ ಕುಟ್ಟುವುದು ಅವನಿಗೂ ಗೊತ್ತು, ಅಮ್ಮ ನಮ್ಮಿಬ್ಬರಿಗೂ ಕಲಿಸಿದ್ದರು.